"ಒಂದೂ ಎರರ್ ಇಲ್ಲ ನೋಡಿ ಸಾರ್" ಎಂದು ಸ್ಕ್ಯಾನರ್ ತೋರಿಸಿ ಹಳೆಯ ಕಾರು ಮಾರುವವರ ಬಗ್ಗೆ ಎಚ್ಚರಿಕೆ

ಮೈಸೂರು, ಮಂಡ್ಯ ಕಡೆ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮಾರುವವರೇ ಸ್ಟೀರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ, ಅಂದರೆ ಇಂಜಿನ್ ಕಂಪ್ಯೂಟರ್ ಗುರುತಿಸಿದ ದೋಷಗಳನ್ನು ಓದುವ ಕಿಂಡಿಗೆ, ಸ್ಕ್ಯಾನರ್ ಸಿಕ್ಕಿಸಿ, ಮೊಬೈಲಿನಲ್ಲಿ ಹಸಿರು ಟಿಕ್ ಗುರುತು ತೋರಿಸಿ, "ಕಂಪ್ಯೂಟರೇ ಹೇಳ್ತಿದೆ, ಗಾಡಿ ಕ್ಲೀನ್" ಎಂದರೆ ಅದನ್ನು ನಂಬಿ ಅಡ್ವಾನ್ಸ್ ಕೊಡಬೇಡಿ. ನನಗೆ ಹೀಗೆಯೇ ಹೇಳಿ, ಹೊಗೆಯ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರಿನ ಒಳಗಿನ ತಿರುಳನ್ನೇ ಕಿತ್ತು ತೆಗೆದಿದ್ದ ಕಾರನ್ನು ತಲೆಗೆ ಕಟ್ಟಿದರು. ದುಡ್ಡು ಹೋದದ್ದು ಒಂದು ಸಂಕಟವಾದರೆ, ನಿಜವನ್ನು ಬರೆದಿಟ್ಟುಕೊಂಡಿದ್ದ ಯಂತ್ರವನ್ನೇ ನನ್ನ ಕಣ್ಣೆದುರು ಹಿಡಿದು ನನ್ನ ಕಣ್ಣಿಗೆ ಮಣ್ಣೆರಚಿದರಲ್ಲ ಎಂಬುದು ಇನ್ನೊಂದು, ಅದೇ ಹೆಚ್ಚು ಉರಿಯುವುದು.

ಕಾರು 2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮಂಡ್ಯ ನೋಂದಣಿ, ಓಡಿದ್ದು 68 ಸಾವಿರ ಕಿಲೋಮೀಟರ್. ಮಾರಿಸಿಕೊಟ್ಟವರು ಮೈಸೂರಿನ ಒಬ್ಬ ದಲ್ಲಾಳಿ. ಅವರ ಹೆಸರನ್ನಾಗಲಿ ಜಾಗವನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಈ ವ್ಯವಹಾರಗಳು ಹೇಗೆ ನಡೆಯುತ್ತವೆ ಎಂಬುದು ನಿಮಗೆಲ್ಲ ಗೊತ್ತೇ ಇದೆ: ಬೆಲೆಯ ಹಗ್ಗಜಗ್ಗಾಟ, ಬೇರೆ ಪಾರ್ಟಿ ಸಂಜೆಗೆ ಬರುತ್ತಿದೆ ಎಂಬ ಅವಸರ, ಅಡ್ವಾನ್ಸ್, ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ, ಡೆಲಿವರಿ ನೋಟ್, ಎರಡೂ ಕಡೆಯಿಂದ ಕಮಿಷನ್. ನನ್ನ ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಬರುತ್ತೇನೆ ಎಂದು ನಾನು ಮೊದಲೇ ಹೇಳಿದ್ದೆ. ಅದಕ್ಕೆ ಅವರು ಕೊಟ್ಟ ಉತ್ತರ ಹೀಗಿತ್ತು: "ಮೆಕ್ಯಾನಿಕ್ ಆದ್ರೆ ಏನಾದ್ರೂ ಒಂದು ಹೇಳ್ಲೇಬೇಕು ಸಾರ್, ಇಲ್ದಿದ್ರೆ ಅವ್ನಿಗೆ ಕೆಲ್ಸ ಎಲ್ಲಿ ಸಿಗುತ್ತೆ? ನಮ್ಮತ್ರ ಸ್ಕ್ಯಾನರ್ ಇದೆ. ಮಿಷನ್ ಯಾರ ಪರಾನೂ ಮಾತಾಡಲ್ಲ." ಕೇಳಿದವರಿಗೆ ನ್ಯಾಯವಾದ ಮಾತು ಎನಿಸುವಂತೆಯೇ ಅದನ್ನು ಜೋಡಿಸಿದ್ದರು.

ನಾನು ಹೋದಾಗ ಕಾರು ಸ್ಟಾರ್ಟ್ ಆಗಿಯೇ ನಿಂತಿತ್ತು. "ನೀವು ಬರೋಷ್ಟರಲ್ಲಿ ಎಸಿ ಕೂಲ್ ಆಗ್ಲಿ ಅಂತ ಹಾಕಿಟ್ಟೆ" ಎಂದರು. ಎಂಥ ಉಪಚಾರ! ಕೀಲಿಯನ್ನು ಆನ್ ಮಾಡಿದಾಗ, ದೋಷವಿದ್ದರೆ ತಿಳಿಸುವ ಚೆಕ್ ಇಂಜಿನ್ ದೀಪ ಒಮ್ಮೆ ಹೊತ್ತಿ, ಇಂಜಿನ್ ಶುರುವಾದ ಮೇಲೆ ಆರಬೇಕು. ಹೊತ್ತಿದರೆ ಮಾತ್ರ ದೀಪ ಬದುಕಿದೆ ಎಂದರ್ಥ. ಮೊದಲೇ ಓಡುತ್ತಿರುವ ಇಂಜಿನ್ನಿನಲ್ಲಿ ಆ ಪರೀಕ್ಷೆಗೆ ಅವಕಾಶವೇ ಇರುವುದಿಲ್ಲ. ಇಂಜಿನ್ ಬಿಸಿಯಾಗಿದ್ದುದರಿಂದ ತಣ್ಣಗಿನ ಸ್ಟಾರ್ಟ್ ಹೇಗಿದೆ ಎಂಬುದೂ ತಿಳಿಯಲಿಲ್ಲ. ಆಮೇಲೆ ಅವರು ಬಾಗಿಲು ತೆರೆದು, ಬಗ್ಗಿ, ಬೆಂಕಿಪೊಟ್ಟಣದಷ್ಟು ದೊಡ್ಡದಾದ ನೀಲಿ ಸ್ಕ್ಯಾನರನ್ನು ಹದಿನಾರು ಪಿನ್ನಿನ ಪೋರ್ಟಿಗೆ ಸಿಕ್ಕಿಸಿ, ಬ್ಲೂಟೂತ್ ಜೋಡಿಸಿ, "ನೋ ಫಾಲ್ಟ್ ಕೋಡ್ಸ್" ಎಂಬ ಅಕ್ಷರಗಳನ್ನು ನನ್ನ ಮುಖದ ಹತ್ತಿರ ಹಿಡಿದರು. ಅಷ್ಟೇ ಅಲ್ಲ, ಆ ವರದಿಯ ಚಿತ್ರಗಳನ್ನು ನನ್ನ ವಾಟ್ಸಾಪಿಗೂ ಕಳಿಸಿ, "ಇಟ್ಕೊಳ್ಳಿ ಸಾರ್, ಪ್ರೂಫ್ ಇರ್ಲಿ" ಎಂದರು. ಆ ಪ್ರೂಫ್ ನನ್ನ ಬಳಿ ಈಗಲೂ ಇದೆ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಮನೆಯವರನ್ನೆಲ್ಲ ಕೂರಿಸಿಕೊಂಡು ನಿಮಿಷಾಂಬ ದೇವಸ್ಥಾನದಲ್ಲಿ ಗಾಡಿಗೆ ಪೂಜೆ ಮಾಡಿಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಅಲ್ಲಿಂದ ದಶಪಥ ಹೆದ್ದಾರಿ ಹಿಡಿದು ಮಂಡ್ಯದ ಭಾವನ ಮನೆಗೆ ಹೋದೆವು. ಹೋಗುವಾಗ ಯಾವ ತೊಂದರೆಯೂ ಕಾಣಲಿಲ್ಲ. ಊಟ ಮುಗಿಸಿ, ಕಾರು ಪೂರ್ತಿ ತಣ್ಣಗಾದ ಮೇಲೆ ಸಂಜೆ ವಾಪಸು ಹೊರಟೆವು. ಗಣಂಗೂರು ಟೋಲ್ ಇನ್ನೂ ಮುಂದಿರುವಾಗಲೇ ಚೆಕ್ ಇಂಜಿನ್ನಿನ ಹಳದಿ ದೀಪ ಹೊತ್ತಿತು. ಭಾವನೂ ಜೊತೆಗಿದ್ದರು. "ಸ್ಕ್ಯಾನ್ ಮಾಡಿಸಿಯೇ ತಗೊಂಡೆ ಅಂದ್ಯಲ್ಲಪ್ಪ" ಎಂದಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿದರು. ಇಡೀ ಮಧ್ಯಾಹ್ನ ಊಟದೆಲೆಯ ಮುಂದೆ ಕೂತು ಆ ಸ್ಕ್ಯಾನಿನ ಮಹಿಮೆಯನ್ನು ಹೇಳಿದವನು ನಾನೇ ಆಗಿದ್ದರಿಂದ ನನಗೆ ಮುಖವೆತ್ತಲಾಗಲಿಲ್ಲ.

ದೀಪ ಅಂದೇ, ಅಲ್ಲೇ ಹೊತ್ತಿದ್ದಕ್ಕೆ ಕಾರಣವಿದೆ. ಸ್ಕ್ಯಾನರಿನಲ್ಲಿ "ಕ್ಲಿಯರ್" ಎಂಬ ಗುಂಡಿ ಒತ್ತಿದರೆ ಇಂಜಿನ್ ಕಂಪ್ಯೂಟರಿನಲ್ಲಿದ್ದ ದೋಷದ ಕೋಡುಗಳು ಅಳಿಸಿಹೋಗುತ್ತವೆ. ದೋಷ ಮಾತ್ರ ಇದ್ದಲ್ಲೇ ಇರುತ್ತದೆ. ಕೋಡುಗಳ ಜೊತೆಗೆ, ಕಂಪ್ಯೂಟರ್ ತಾನೇ ನಡೆಸಿ ಮುಗಿಸಿದ್ದ ಸ್ವಯಂ ಪರೀಕ್ಷೆಗಳ ಫಲಿತಾಂಶವೂ ಅಳಿಯುತ್ತದೆ, ಎಲ್ಲ ಪರೀಕ್ಷೆಗಳೂ ಮೊದಲಿನಿಂದ ಆಗಬೇಕು. ಕ್ಯಾಟಲಿಟಿಕ್ ಕನ್ವರ್ಟರಿನ ಪರೀಕ್ಷೆ ಕಂಡಕಂಡಲ್ಲಿ ನಡೆಯುವಂಥದ್ದಲ್ಲ. ಇಂಜಿನ್ ಚೆನ್ನಾಗಿ ಬಿಸಿಯಾಗಿ, ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ಸಯ್ಯಾಜಿರಾವ್ ರಸ್ತೆಯ ದಟ್ಟಣೆಯಲ್ಲಿ ತೆವಳುವ ಕಾರಿಗೆ ಅಂಥ ಅವಕಾಶ ಸಿಗುವುದು ಕಷ್ಟ. ದಶಪಥ ಹೆದ್ದಾರಿಯಲ್ಲಿ ಸಿಕ್ಕಿತು. ಅದೂ ಅಲ್ಲದೆ ಈ ಬಗೆಯ ದೋಷ ಒಮ್ಮೆ ಕಂಡ ಮಾತ್ರಕ್ಕೆ ಕಂಪ್ಯೂಟರ್ ದೀಪ ಹೊತ್ತಿಸುವುದಿಲ್ಲ. ಅದನ್ನು "ಪೆಂಡಿಂಗ್" ಎಂದು ಗುರುತು ಹಾಕಿಕೊಂಡು, ಮುಂದಿನ ಓಟದಲ್ಲಿ ಮತ್ತೆ ಕಂಡರೆ ಆಗ ದೀಪ ಹೊತ್ತಿಸುತ್ತದೆ. ಹೋಗುವಾಗ ಗುರುತು ಹಾಕಿಕೊಂಡಿತು, ಬರುವಾಗ ದೀಪ ಹೊತ್ತಿಸಿತು. ಮಾರುವವರಿಗೆ ಬೇಕಾಗಿರುವುದು ಈ ನಡುವಿನ ಬಿಡುವು ಮಾತ್ರ. ಅಷ್ಟರಲ್ಲಿ ದುಡ್ಡು ಕೈ ಬದಲಾಗಿರುತ್ತದೆ.

ಮರುದಿನವೇ ನಾನೂ ಒಂದು ಸ್ಕ್ಯಾನರ್ ತರಿಸಿದೆ. ಎಲ್ಮ್ 327 ಎಂಬ ಚಿಪ್ಪಿನ ನಕಲುಗಳು ಅಗ್ಗಕ್ಕೆ ಸಿಗುತ್ತವೆ. ಎಲ್ಲವೂ ಸರಿಯಾಗಿ ಕೆಲಸ ಮಾಡುವುದಿಲ್ಲ, ನನ್ನದು ಮಾಡಿತು. ಬಂದ ಕೋಡ್ ಪಿ0420, ಅಂದರೆ ಕ್ಯಾಟಲಿಟಿಕ್ ಕನ್ವರ್ಟರಿನ ಸಾಮರ್ಥ್ಯ ಇರಬೇಕಾದ ಮಟ್ಟಕ್ಕಿಂತ ಕಡಿಮೆ ಇದೆ ಎಂದು. ಜೊತೆಗೆ ಫ್ರೀಜ್ ಫ್ರೇಮ್, ಅಂದರೆ ದೋಷ ದಾಖಲಾದ ಕ್ಷಣದ ಚಿತ್ರ: ವೇಗ 82, ಕೂಲೆಂಟ್ ಬಿಸಿ 91 ಡಿಗ್ರಿ. ಹೆದ್ದಾರಿಯದೇ ಕ್ಷಣ ಅದು. ಮುಂದಿನ ಪುಟಗಳನ್ನು ತಿರುವುತ್ತಿದ್ದಾಗ "ಡಿಸ್ಟೆನ್ಸ್ ಸಿನ್ಸ್ ಕೋಡ್ಸ್ ಕ್ಲಿಯರ್ಡ್" ಎಂಬ ಸಾಲು ಕಂಡಿತು: ಕೋಡ್ ಅಳಿಸಿದ ಮೇಲೆ ಕಾರು ಎಷ್ಟು ದೂರ ಓಡಿದೆ ಎಂಬ ಲೆಕ್ಕ. ಇಂಥ ಸಾಲೊಂದು ಇರುತ್ತದೆ ಎಂದು ಯಾರು ಹೇಳಿಕೊಡುತ್ತಾರೆ? ಆ ಕ್ಷಣದಲ್ಲಿ ನನಗೆ ದಲ್ಲಾಳಿ ಕಳಿಸಿದ ಚಿತ್ರಗಳು ನೆನಪಾದವು.

ವಾಟ್ಸಾಪ್ ತೆರೆದೆ. ಮೊದಲ ಚಿತ್ರದಲ್ಲಿ ಹಸಿರು ಟಿಕ್. ಎರಡನೆಯದರಲ್ಲಿ ಪರೀಕ್ಷೆಗಳ ಪಟ್ಟಿ: ಕ್ಯಾಟಲಿಸ್ಟ್ ಇನ್‌ಕಂಪ್ಲೀಟ್, ಆಕ್ಸಿಜನ್ ಸೆನ್ಸರ್ ಇನ್‌ಕಂಪ್ಲೀಟ್, ಆಕ್ಸಿಜನ್ ಸೆನ್ಸರ್ ಹೀಟರ್ ಇನ್‌ಕಂಪ್ಲೀಟ್, ಅಂದರೆ ಯಾವುದೂ ಮುಗಿದಿಲ್ಲ. ಮೂರನೆಯದರ ಕೊನೆಯಲ್ಲಿ, ಬೂದು ಬಣ್ಣದ ಸಣ್ಣ ಅಕ್ಷರಗಳಲ್ಲಿ, ಕೋಡ್ ಅಳಿಸಿದ ಮೇಲೆ ಇಂಜಿನ್ ತಣ್ಣಗಿನಿಂದ ಬಿಸಿಯಾದದ್ದು 0 ಸಲ, ಓಡಿದ ದೂರ 2 ಕಿ.ಮೀ. 68 ಸಾವಿರ ಕಿಲೋಮೀಟರ್ ಓಡಿದ ಕಾರು. ಅದರ ಕೋಡ್ ಅಳಿಸಿ ಎರಡೇ ಕಿಲೋಮೀಟರ್! ನಾನು ಬರುವ ಸ್ವಲ್ಪ ಮುಂಚೆ, ಬಿಸಿ ಇಂಜಿನ್ನಿನಲ್ಲೇ, ಇದೇ ಸ್ಕ್ಯಾನರಿನಿಂದ ಇದೇ ಮನುಷ್ಯ ಅಳಿಸಿದ್ದಾರೆ. ಎಸಿ ಕೂಲ್ ಆಗಲಿ ಎಂದು ಇಂಜಿನ್ ಹಾಕಿಡಲಾಗಿತ್ತಂತೆ! ಪ್ರೂಫ್ ಇರಲಿ ಎಂದು ಅವರೇ ಕಳಿಸಿದ ಚಿತ್ರದಲ್ಲಿ ಅವರದೇ ಕಳ್ಳತನ ಅಚ್ಚಾಗಿ ಕೂತಿತ್ತು, ನಾನು ಅದನ್ನೇ ನಾಲ್ಕು ಜನರಿಗೆ ಫಾರ್ವರ್ಡ್ ಮಾಡಿ ಹೆಮ್ಮೆಪಟ್ಟಿದ್ದೆ. ಅದನ್ನು ನೋಡಿ ಮೈಯೆಲ್ಲ ಉರಿದುಹೋಯಿತು.

ಫೋನ್ ಮಾಡಿದೆ. ಕೋಡ್ ಯಾವುದು ಎಂದು ನಾನು ಹೇಳಲೇ ಇಲ್ಲ. "ಚೆಕ್ ಇಂಜಿನ್ ಲೈಟ್ ಬಂದಿದೆ" ಎಂದಷ್ಟೇ ಹೇಳಿದೆ. ಮೊದಲು, "ಪೆಟ್ರೋಲ್ ಎಲ್ಲಿ ಹಾಕಿಸಿದ್ರಿ ಸಾರ್? ಈಗಿನ ಪೆಟ್ರೋಲ್ ಗೊತ್ತಲ್ಲ" ಎಂದರು. ಆಮೇಲೆ, "ಟ್ಯಾಂಕ್ ಮುಚ್ಚಳ ಟೈಟ್ ಮಾಡಿ ನೋಡಿ" ಎಂದರು. ನಾನು ಎರಡಕ್ಕೂ ಒಪ್ಪದೇ ಹೋದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದ್ ಕೆಲ್ಸ ಮಾಡಿ ಸಾರ್, ಹಿಂದಿನ ಸೆನ್ಸರ್‌ಗೆ ಒಂದು ಸ್ಪೇಸರ್ ಹಾಕಿಸ್ಬಿಡಿ, ಮುನ್ನೂರು ರೂಪಾಯಿ ಕೆಲ್ಸ, ಇನ್ನು ಲೈಟ್ ಬರಲ್ಲ" ಎಂದರು.

ಹಿಂದಿನ ಸೆನ್ಸರ್! ಚೆಕ್ ಇಂಜಿನ್ ದೀಪ ಹೊತ್ತುವುದಕ್ಕೆ ನೂರಾರು ಕಾರಣಗಳಿವೆ: ಮಿಸ್‌ಫೈರ್ ಇರಬಹುದು, ಇಂಧನದ ಪ್ರಮಾಣ ತಪ್ಪಿರಬಹುದು, ಯಾವುದೋ ವೈರ್ ಹೋಗಿರಬಹುದು. ಕ್ಯಾಟಲಿಟಿಕ್ ಕನ್ವರ್ಟರಿನ ಆಚೆ ಇರುವ ಆ ಒಂದೇ ಸೆನ್ಸರಿನ ಹೆಸರು, ಅದನ್ನು ಹೊಗೆಯಿಂದ ದೂರ ಸರಿಸಿ ಕಣ್ಣು ಕಟ್ಟುವ ಸ್ಪೇಸರಿನ ಬೆಲೆ ಸಮೇತ, ಕೋಡ್ ಕೇಳದೆಯೇ ಅವರ ಬಾಯಿಗೆ ಹೇಗೆ ಬಂತು? ಇದನ್ನೇ ಕೇಳಿದೆ. "ಎಕ್ಸ್‌ಪೀರಿಯೆನ್ಸ್ ಸಾರ್" ಎಂದರು. ಎಕ್ಸ್‌ಪೀರಿಯೆನ್ಸ್ ಅಂತೆ.

ಪರಿಚಯದ ಮೆಕ್ಯಾನಿಕ್ ಕಾರನ್ನು ಲಿಫ್ಟಿಗೆ ಏರಿಸಿದರು. ಅದಕ್ಕೆ ಮುಂಚೆ ನನ್ನ ಮೊಬೈಲಿನಲ್ಲೇ, ಕನ್ವರ್ಟರಿನ ಮುಂದೆ ಒಂದು ಹಿಂದೆ ಒಂದು ಇದ್ದು ಹೊಗೆಯ ಆಮ್ಲಜನಕವನ್ನು ಅಳೆಯುವ ಎರಡೂ ಆಕ್ಸಿಜನ್ ಸೆನ್ಸರುಗಳ ಗ್ರಾಫ್ ಹಾಕಿಸಿದರು. ಮುಂದಿನ ಸೆನ್ಸರಿನ ಗೆರೆ 0.1ರಿಂದ 0.9 ವೋಲ್ಟಿನ ನಡುವೆ ಏರಿಳಿಯುತ್ತಿರುತ್ತದೆ, ಅದು ಅದರ ಕೆಲಸ. ಕನ್ವರ್ಟರ್ ಸರಿಯಿದ್ದರೆ ಹಿಂದಿನ ಸೆನ್ಸರಿನ ಗೆರೆ ಹೆಚ್ಚು ಅಲುಗದೆ 0.6, 0.7ರ ಆಸುಪಾಸಿನಲ್ಲಿ ನಿಲ್ಲಬೇಕು. ನನ್ನ ಕಾರಿನಲ್ಲಿ ಹಿಂದಿನ ಗೆರೆಯೂ ಮುಂದಿನದರ ಜೊತೆಜೊತೆಗೇ ಏರಿ ಇಳಿಯುತ್ತಿತ್ತು. ನಡುವೆ ಏನೂ ಇಲ್ಲ ಎಂದೇ ಅದರ ಅರ್ಥ. ಕೆಳಗಿನಿಂದ ನೋಡಿದಾಗ ಕನ್ವರ್ಟರಿನ ಡಬ್ಬಿಯ ಮೇಲ್ಭಾಗದಲ್ಲಿ, ಬಗ್ಗಿ ನೋಡಿದರೂ ಕಾಣದ ಕಡೆಗೆ, ಕೈಯಿಂದ ಮಾಡಿದ ಉಬ್ಬುತಗ್ಗಿನ ವೆಲ್ಡಿಂಗ್ ಇತ್ತು. ಅದರ ಮೇಲೆ ಬೆಳ್ಳಿ ಬಣ್ಣದ ಪೇಂಟ್ ಸಿಂಪಡಿಸಿದ್ದರು, ಬಿಸಿಗೆ ಅದು ಅರ್ಧ ಕಂದಿತ್ತು. ಸ್ಪ್ಯಾನರಿನಿಂದ ತಟ್ಟಿದರೆ ಖಾಲಿ ಡಬ್ಬಿಯ ಸದ್ದು. ಒಳಗಿರಬೇಕಾದ ಜೇನುಗೂಡಿನ ರಚನೆಯ ಸೆರಾಮಿಕ್ ತಿರುಳಿಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಎಂಬ ದುಬಾರಿ ಲೋಹಗಳ ಲೇಪ ಇರುತ್ತದೆ, ಅದಕ್ಕೊಂದು ಕಳ್ಳ ಮಾರುಕಟ್ಟೆಯೇ ಇದೆ. ಯಾರೋ ಕೊಯ್ದು, ತಿರುಳು ತೆಗೆದು ಮಾರಿ, ಡಬ್ಬಿ ಮುಚ್ಚಿದ್ದಾರೆ. ಹೊಸ ಒರಿಜಿನಲ್ ಭಾಗದ ಬೆಲೆ ಹತ್ತಾರು ಸಾವಿರ. ಇಂಥ ಕಾರಿನ ಜೊತೆಗೂ ಚಾಲ್ತಿಯಲ್ಲಿರುವ ಹೊಗೆ ತಪಾಸಣೆಯ ಪ್ರಮಾಣಪತ್ರ ಬಂದಿತ್ತು. ಅದರ ಬಗ್ಗೆ ಇನ್ನೊಮ್ಮೆ ಬರೆಯಬೇಕು.

ವೆಲ್ಡಿಂಗಿನ ಚಿತ್ರವನ್ನೂ 2 ಕಿ.ಮೀ. ಎಂಬ ಸಾಲಿನ ಚಿತ್ರವನ್ನೂ ದಲ್ಲಾಳಿಗೆ ಕಳಿಸಿದೆ. ಎರಡು ನೀಲಿ ಗೆರೆ ಬಿದ್ದವು, ರಾತ್ರಿಯವರೆಗೆ ಉತ್ತರವಿಲ್ಲ. ಆಮೇಲೆ ಬಂದ ಉತ್ತರ, ಡೆಲಿವರಿ ನೋಟಿನ ಫೋಟೋ. "ವಾಹನವನ್ನು ಪರಿಶೀಲಿಸಿ, ಇರುವ ಸ್ಥಿತಿಯಲ್ಲೇ ಪಡೆದಿರುತ್ತೇನೆ" ಎಂಬ ಸಾಲಿನ ಕೆಳಗೆ ನನ್ನ ಸಹಿಗೆ ಕೆಂಪು ವೃತ್ತ ಹಾಕಿದ್ದರು. ಕೋಡ್ ಅಳಿಸಿದ್ದು ಯಾಕೆ ಎಂದು ಕೇಳಿದರೆ, "ವಾಟರ್ ಸರ್ವಿಸ್ ಮಾಡಿಸ್ದಂಗೆ ಅದೂ ಒಂದು ಸರ್ವಿಸ್ ಸಾರ್, ಎಲ್ಲಾ ಗಾಡಿಗೂ ಮಾಡ್ತೀವಿ" ಎಂದು ಬರೆದರು. ಎಲ್ಲಾ ಗಾಡಿಗೂ! ಇದನ್ನು ಅವರು ಸಮರ್ಥನೆ ಎಂದು ಬರೆದದ್ದು. ಈ ಬರಹ ಬರೆಯಲು ನಾನು ಕೂತದ್ದು ಆ ಒಂದು ವಾಕ್ಯ ಓದಿದ ಮೇಲೆ.

ಕೊಳ್ಳುವವರು ಸ್ಕ್ಯಾನರನ್ನು ನಿಮ್ಮದೇ ತೆಗೆದುಕೊಂಡು ಹೋಗಿ, ಅವರದನ್ನು ಮುಟ್ಟಬೇಡಿ. ಇಂಜಿನ್ ತಣ್ಣಗಿರಬೇಕು ಎಂದು ಮೊದಲೇ ಹೇಳಿ. ಬಾನೆಟ್ ಮುಟ್ಟಿ ನೋಡಿ, ಬಿಸಿಯಿದ್ದರೆ ಇನ್ನೊಂದು ದಿನ ಬರುತ್ತೇನೆ ಎಂದು ಹೊರಟುಬಿಡಿ. ಕೀಲಿ ನೀವೇ ತಿರುಗಿಸಿ, ದೀಪ ಹೊತ್ತಿ ಆರುವುದನ್ನು ನೋಡಿ. "ನೋ ಕೋಡ್ಸ್" ಎಂಬುದನ್ನು ಬಿಟ್ಟು, ಪೆಂಡಿಂಗ್ ಕೋಡುಗಳನ್ನು, ಪರೀಕ್ಷೆಗಳು ಮುಗಿದಿವೆಯೋ ಇಲ್ಲವೋ ಎಂಬುದನ್ನು, ಕೋಡ್ ಅಳಿಸಿದ ಮೇಲೆ ಓಡಿದ ದೂರವನ್ನು ನೋಡಿ. ಬ್ಯಾಟರಿಯ ಟರ್ಮಿನಲ್ ಬಿಚ್ಚಿ ಹಾಕಿದರೂ ಅನೇಕ ಕಾರುಗಳಲ್ಲಿ ಈ ಪರೀಕ್ಷೆಗಳು ಅಳಿಸಿಹೋಗುತ್ತವೆ, ಆದ್ದರಿಂದ "ಬ್ಯಾಟರಿ ಈಗಷ್ಟೇ ಚೇಂಜ್ ಮಾಡಿಸಿದ್ವಿ" ಎಂಬ ಕಥೆಯನ್ನೂ ಒಪ್ಪಬೇಡಿ. ಓಡಿಸಿ ಪರೀಕ್ಷೆ ಮುಗಿಸಿಕೊಡಿ, ಆಮೇಲೆ ದುಡ್ಡಿನ ಮಾತು ಎನ್ನಿ. ಮೆಕ್ಯಾನಿಕ್ ಬೇಡ ಎನ್ನುವವರ ಹತ್ತಿರ ಟೀ ಕೂಡ ಕುಡಿಯಬೇಡಿ.

ಅವರ ಕೊನೆಯ ಮಾತನ್ನೂ ದಾಖಲಿಸಿಬಿಡುತ್ತೇನೆ. ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ ಎಂದಾಗ ಅವರೇ ಫೋನ್ ಮಾಡಿ, ಬಹಳ ಮೃದುವಾಗಿ, "ಗಲಾಟೆ ಯಾಕೆ ಸಾರ್, ಗಾಡಿ ತಂದು ಬಿಡಿ, ಎರರ್ ಕ್ಲಿಯರ್ ಮಾಡಿ ಬೇರೆ ಪಾರ್ಟಿಗೆ ಕೊಡಿಸ್ತೀನಿ, ನಿಮ್ಮತ್ರ ಕಮಿಷನ್ ಕೂಡ ಬೇಡ" ಎಂದರು. ನಾನು ಕೊಡಲಿಲ್ಲ. ಕಾರು ಈಗ ಮೆಕ್ಯಾನಿಕ್ ಬಳಿ ಇದೆ, ಹೊಸ ಕನ್ವರ್ಟರಿಗೆ ಹೇಳಿಯಾಗಿದೆ. ಅದರ ಬಿಲ್ಲು, ವಾಟ್ಸಾಪಿನ ಚಿತ್ರಗಳು, "ಎಲ್ಲಾ ಗಾಡಿಗೂ ಮಾಡ್ತೀವಿ" ಎಂಬ ಸಂದೇಶ, ಇಷ್ಟನ್ನೂ ಸೇರಿಸಿ ದೂರು ಬರೆಯುತ್ತಿದ್ದೇನೆ. ಇದೇ ರೀತಿ ಹಸಿರು ಟಿಕ್ ನೋಡಿ ಕಾರು ಕೊಂಡವರು ನಿಮ್ಮಲ್ಲಿ ಇದ್ದರೆ ಆ ಚಿತ್ರಗಳನ್ನು ಅಳಿಸಬೇಡಿ, ಕೊನೆಯ ಪುಟದ ಸಣ್ಣ ಅಕ್ಷರಗಳನ್ನು ಇವತ್ತೇ ದೊಡ್ಡದು ಮಾಡಿ ಓದಿ.