ಇಸ್ಲಾಮಿಕ್ ಸ್ಟಡೀಸ್ ಎಂ.ಎ.: ಸವಣೂರಿನಲ್ಲೇ ಕೂತು ಓದೋದಾ, ದೆಹಲಿಗೆ ಹೋಗೋದಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ದೆಹಲಿಗೆ. ದೂರಶಿಕ್ಷಣದಲ್ಲಿ ಒಂದು ವರ್ಷ ಒದ್ದಾಡಿ, ಒಂದು ಪೇಪರ್ ಫೇಲಾಗಿ, ಆಮೇಲೆ ದೆಹಲಿಯ ಜಾಮಿಯಾ ಮಿಲ್ಲಿಯಾ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಓದಿ ಮುಗಿಸಿದವಳು ನಾನು.

ಹುಬ್ಬಳ್ಳಿಯಲ್ಲಿ ಬಿ.ಎ. ಮುಗಿದಾಗ ಅಪ್ಪನ ಲೆಕ್ಕ ಸರಳವಾಗಿತ್ತು. ದೂರಶಿಕ್ಷಣಕ್ಕೆ ಸೇರು, ಸವಣೂರಿನ ಮನೆಯಲ್ಲೇ ಓದು, ಸಂಜೆ ಟ್ಯೂಷನ್ ಹೇಳು. ಕೋರ್ಸ್ ಉರ್ದು ಮಾಧ್ಯಮದ್ದು. ಮನೆಯಲ್ಲಿ ಆಡೋದು ದಖನಿ ಉರ್ದು, ಕನ್ನಡ ಶಾಲೆಯಲ್ಲೂ ಉರ್ದು ಒಂದು ವಿಷಯವಾಗಿತ್ತು. ಅದೇನು ಮಹಾ ಅಂದುಕೊಂಡೆ.

ಓದೋದು ಹೇಗೋ ನಡೆಯಿತು. ಬರೆಯೋದು ನಡೆಯಲಿಲ್ಲ. ಕನ್ನಡದಲ್ಲಿ ಕಿವಿಗೆ ಬಿದ್ದ ಹಾಗೆ ಬರೆದರೆ ಮುಗಿಯಿತು, ಅಲ್ವಾ? ಉರ್ದುವಿನಲ್ಲಿ ನಮ್ಮ ನಾಲಿಗೆಗೆ ಒಂದೇ ಆಗಿರುವ ಸದ್ದಿಗೆ ಜೇ, ಜಾಲ್, ಜ್ವಾದ್, ಜೋಯ್ ಅಂತ ನಾಲ್ಕು ಅಕ್ಷರ. ನಮಾಜಿಗೆ ಒಂದು, ಮಜ್ಹಬಿಗೆ ಇನ್ನೊಂದು, ರಮಜಾನಿಗೆ ಮತ್ತೊಂದು, ಜುಲ್ಮಿಗೆ ನಾಲ್ಕನೆಯದು. ಪೆನ್ನು ಪ್ರತಿ ಪದಕ್ಕೂ ಗಾಳಿಯಲ್ಲಿ ನಿಲ್ಲುತ್ತಿತ್ತು.

ಇನ್ನು ದಖನಿಯ ಕಾಟ ಬೇರೆ. ಕಲಮ್‌ಗೆ ನಾವು ‘ಖಲಂ’ ಅಂತೀವಿ. ಕೈಯೂ ಹಾಗೇ ಬರೆಯುತ್ತದೆ. ಇತಿಹಾಸಕಾರ ಇಬ್ನ್ ಖಲ್ದೂನನ ಹೆಸರಿಗೆ ‘ಖೇ’ ಅಕ್ಷರ ಸರಿ, ಅವನ ಪುಸ್ತಕ ‘ಮುಕದ್ದಿಮಾ’ಕ್ಕೆ ‘ಕಾಫ್’ ಬೇಕು. ನಾನು ಎರಡಕ್ಕೂ ಖೇ ಹಾಕಿ ಕೂತಿದ್ದೆ. ಹನಫಿ, ಮಾಲಿಕಿ, ಶಾಫಿಈ, ಹಂಬಲಿ ಅನ್ನೋ ನಾಲ್ಕು ಕಾನೂನು ಪಂಥಗಳ ವ್ಯತ್ಯಾಸವನ್ನು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಆದರೆ ಮೂರು ಗಂಟೆ ಮುಗಿದಾಗ ಮೂರನೇ ಉತ್ತರ ಅರ್ಧಕ್ಕೆ ನಿಂತಿತ್ತು. ಫೇಲಾಗಿದ್ದು ಅದೇ ಪೇಪರಿನಲ್ಲಿ, ಫಿಕ್ಹ್, ಅಂದರೆ ಇಸ್ಲಾಮಿಕ್ ಕಾನೂನು. ಆ ಹೆಸರಿನಲ್ಲೂ ಒಂದು ಕಾಫ್ ಇದೆ ನೋಡಿ! ತಪ್ಪು ಕೋರ್ಸಿನದಲ್ಲ, ನನ್ನದೇ.

ಕೇಳೋಣ ಅಂದರೆ ಊರಲ್ಲಿ ಯಾರಿದ್ದಾರೆ? ಮಸೀದಿಯ ಹಜರತರು ಒಳ್ಳೆಯವರು. ತರ್ಕಕ್ಕೆ ಒತ್ತು ಕೊಟ್ಟ ಹಳೇ ಪಂಥ ಮುಅತಜಿಲಾಗಳ ವಾದ ಏನು ಅಂತ ಕೇಳಿದ್ದಕ್ಕೆ, “ಅದೆಲ್ಲಾ ನಿನಗ್ಯಾಕಮ್ಮಾ” ಅಂದರು. ಇದು ಮೌಲ್ವಿ ಕೋರ್ಸ್ ಅಲ್ಲ, ಇತಿಹಾಸ, ತತ್ವಶಾಸ್ತ್ರ, ಸೂಫಿ ಪಂಥ ಎಲ್ಲಾ ಇರುತ್ತದೆ ಅಂತ ಮನೆಯವರಿಗೆ ತಿಳಿಸುವಷ್ಟರಲ್ಲೇ ಸಾಕಾಗಿತ್ತು.

ಜಾಮಿಯಾದಲ್ಲಿ ನಾನು ಇಂಗ್ಲಿಷಿನಲ್ಲಿ ಬರೆದೆ. ಅಷ್ಟಕ್ಕೇ ಅರ್ಧ ಭಾರ ಇಳಿಯಿತು. ಹುಬ್ಬಳ್ಳಿಯಲ್ಲಿ ಸಂಪರ್ಕ ಕ್ರಾಂತಿ ರೈಲು ಹತ್ತಿದರೆ ಸುಮಾರು ಒಂದೂವರೆ ದಿನಕ್ಕೆ ದೆಹಲಿಯ ನಿಜಾಮುದ್ದೀನ್ ಸ್ಟೇಷನ್, ಅಲ್ಲಿಂದ ಆಟೋ. ಜಾಮಿಯಾ ಹತ್ತಿರದ ಬಟ್ಲಾ ಹೌಸ್ ಬಡಾವಣೆಯಲ್ಲಿ ಮೂವರು ಹುಡುಗಿಯರಿಗೆ ಒಂದು ಕೋಣೆ, ಚಳಿಗಾಲದಲ್ಲಿ ಒಂದೇ ಹೀಟರ್, ಡಬ್ಬಿ ತುಂಬಾ ಸವಣೂರು ಖಾರಾ.

ಸೂಫಿ ಪೇಪರಿನ ಅಸೈನ್‌ಮೆಂಟಿಗೆ ನಮ್ಮ ಶಿಶುನಾಳ ಶರೀಫರನ್ನು ಆರಿಸಿಕೊಂಡೆ. ನಮ್ಮ ಸರ್ ಆ ಹೆಸರನ್ನೇ ಕೇಳಿರಲಿಲ್ಲ. 1819ರಲ್ಲಿ ಹುಟ್ಟಿದ ಮುಸ್ಲಿಂ ಹುಡುಗ, ಗುರು ಬ್ರಾಹ್ಮಣ ಗೋವಿಂದಭಟ್ಟರು, ಹಾಡಿದ್ದು ಕನ್ನಡದಲ್ಲಿ ಅಂದಾಗ ಇಡೀ ಕ್ಲಾಸು ನನ್ನ ಕಡೆ ತಿರುಗಿತು. ಒಂದು ಪದ ಹಾಡು ಅಂದರು. ಹಾಡಿದೆ, ಕೆಟ್ಟದಾಗಿ. ಆಮೇಲೆ ಒಂದು ಗಂಟೆ ಬರೀ ಪ್ರಶ್ನೆ. ಮನೆಯಲ್ಲಿ ಒಬ್ಬಳೇ ಕೂತು ಓದಿದ್ದರೆ ಇದು ಸಿಗುತ್ತಿತ್ತಾ?

ದುಡ್ಡು? ದೆಹಲಿಯಲ್ಲಿ ತಿಂಗಳಿಗೆ 9,000 ಹೋಗುತ್ತಿತ್ತು, ಅರ್ಧ ಅಣ್ಣ ಕೊಟ್ಟ. ದೂರಶಿಕ್ಷಣದ ಇಡೀ ವರ್ಷದ ಖರ್ಚು ಅಲ್ಲಿನ ಎರಡು ತಿಂಗಳಿಗೂ ಬರುತ್ತಿರಲಿಲ್ಲ.

ಕಾಲೇಜಿನಲ್ಲಿ ಪಾಠ ಹೇಳೋ ಆಸೆ ಇರುವವರು ಬರೆಯುವ ನೆಟ್ ಪರೀಕ್ಷೆಗೆ ‘ಅರಬ್ ಕಲ್ಚರ್ ಅಂಡ್ ಇಸ್ಲಾಮಿಕ್ ಸ್ಟಡೀಸ್’ ಅಂತ ವಿಷಯ ಇದೆ. ನೆಟ್ ಬರೆಯೋದಾದರೆ, ಎಲ್ಲಿ ಓದಿದರೂ ಅದೇ ಪೇಪರ್.

ಬಿಜಾಪುರದ ಆದಿಲ್‌ಶಾಹಿಗಳ ಮೇಲಷ್ಟೇ ಆಸೆ ಇದ್ದರೆ ಎರಡೂ ಬೇಡ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಎಂ.ಎ. ಮಾಡಿ, ರವಿವಾರ ಮನೆಗೆ ಬನ್ನಿ.

ನಾನು ಬೆಲ್ ಹೊಡೆದರೆ ಮಾತ್ರ ಓದುವವಳು. ಮನೆಯಲ್ಲಿ ಪುಸ್ತಕ ತೆಗೆದರೆ ಹತ್ತೇ ನಿಮಿಷಕ್ಕೆ ನಿದ್ದೆ. ತಂಗಿ ಹಾಗಲ್ಲ. ಅವಳು ಹತ್ತನೇ ಕ್ಲಾಸಿನವರೆಗೆ ಉರ್ದು ಮಾಧ್ಯಮ, ಈಗ ಅದೇ ದೂರಶಿಕ್ಷಣದ ಎರಡನೇ ವರ್ಷದಲ್ಲಿ ಆರಾಮಾಗಿದ್ದಾಳೆ. ಮೊನ್ನೆ ನನ್ನ ಹಳೇ ನೋಟ್‌ಬುಕ್ ತೆಗೆದು, ಸುಮ್ನೆ ಕೆಂಪು ಪೆನ್ನಿನಲ್ಲಿ ತಿದ್ದುತ್ತಾ ಕೂತಿದ್ದಳು. ಮೊದಲ ಪುಟದಲ್ಲೇ 17 ತಪ್ಪು.