ಮಾರುತಿ 800ರ ಕಾರ್ಬುರೇಟರ್ ರಿಪೇರಿ ಕಿಟ್: ಕೊಳ್ಳುವ ಮೊದಲು ನೋಡಬೇಕಾದದ್ದು

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಮಾರುತಿ 800ರ ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ರಿಪೇರಿ ಕಿಟ್ ಈಗಲೂ ಸಿಗುತ್ತದೆ. ನಾನು ತಂದದ್ದು ತಯಾರಕರ ಹೆಸರಿಲ್ಲದ, ಪಾರದರ್ಶಕ ಕವರಿಗೆ ಪಿನ್ ಹೊಡೆದ ಒಂದು ಸಾಧಾರಣ ಕಿಟ್. ಅದನ್ನು ಹಾಕಿದ್ದು 1990ರ ದಶಕದ ಕೊನೆಯ ಭಾಗದ ಕಾರಿಗೆ. ಪೆಟ್ರೋಲಿನ ಒಳಹರಿವನ್ನು ತೆರೆದು ಮುಚ್ಚುವ ನೀಡಲ್ ವಾಲ್ವ್ ಮತ್ತು ಜೋಡಣೆಗಳ ನಡುವಿನ ಪ್ಯಾಕಿಂಗ್‌ಗಳ ಮಟ್ಟಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲ, ರಬ್ಬರ್ ಭಾಗಗಳ ಬಗ್ಗೆ ಆ ಮಾತನ್ನು ಹೇಳಲಾರೆ. ಇದಕ್ಕಿಂತ ಮುಖ್ಯವಾದ ಮಾತೆಂದರೆ, ಎಂಜಿನ್ನಿಗೆ ಪೆಟ್ರೋಲ್ ಸರಿಯಾಗಿ ಬರುತ್ತಿಲ್ಲ ಎಂದು ಅನುಮಾನ ಬಂದ ಕೂಡಲೇ ಓಡಿಹೋಗಿ ತರುವ ಮೊದಲ ವಸ್ತು ಈ ಕಿಟ್ ಆಗಬಾರದು. ನಮ್ಮ ಬಹುಪಾಲು ಗ್ಯಾರೇಜುಗಳಲ್ಲಿ ಆಗುತ್ತಿರುವುದು ಅದೇ: ಗಾಡಿ ಮಿಸ್ ಹೊಡೆಯಿತು ಎಂದರೆ ಕಾರ್ಬುರೇಟರ್ ಬಿಚ್ಚುತ್ತಾರೆ, ಬಿಚ್ಚಿದ ಮೇಲೆ ಕಿಟ್ ಹಾಕಲೇಬೇಕಾಗುತ್ತದೆ, ಹಾಕಿದ ಮೇಲೂ ಗಾಡಿ ಮಿಸ್ ಹೊಡೆಯುತ್ತದೆ.

1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರ 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್ನಿಗೆ ಕಾರ್ಬುರೇಟರ್ ಬದಲು ಪೆಟ್ರೋಲನ್ನು ಇಂಜೆಕ್ಟರುಗಳಿಂದ ಚಿಮ್ಮಿಸುವ ಎಂಪಿಎಫ್‌ಐ ವ್ಯವಸ್ಥೆ ಬಂದದ್ದು 2000ದ ಹೊತ್ತಿಗೆ. ಕಾರಿನ ತಯಾರಿಕೆಯೇ 2014ರ ಜನವರಿಯಲ್ಲಿ ನಿಂತಿತು. ಆದ್ದರಿಂದ ಕಾರ್ಬುರೇಟರ್ ಇರುವ ಕಾರು ಯಾರ ಬಳಿ ಇದ್ದರೂ ಅದಕ್ಕೆ ಕಾಲು ಶತಮಾನದ ಆಸುಪಾಸಿನ ವಯಸ್ಸಾಗಿರುತ್ತದೆ, ಮತ್ತು ಟ್ಯಾಂಕಿನಿಂದ ಎಂಜಿನ್ನಿನವರೆಗಿನ ಪ್ರತಿಯೊಂದು ರಬ್ಬರ್ ಪೈಪಿಗೂ, ಯಾರಾದರೂ ಬದಲಿಸಿರದಿದ್ದರೆ, ಅಷ್ಟೇ ವಯಸ್ಸಾಗಿರುತ್ತದೆ. ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಎಳೆದು ತರುವುದು ಎಂಜಿನ್ನಿನ ಕ್ಯಾಮ್‌ಶಾಫ್ಟ್ ಬಲದಿಂದಲೇ ಆಡುವ ಮೆಕ್ಯಾನಿಕಲ್ ಪಂಪು. ಅದಕ್ಕೆ ಮೂರು ಬಾಯಿ: ಒಂದರಿಂದ ಪೆಟ್ರೋಲ್ ಒಳಬರುತ್ತದೆ, ಒಂದರಿಂದ ಕಾರ್ಬುರೇಟರಿಗೆ ಹೋಗುತ್ತದೆ, ಮೂರನೆಯದರಿಂದ ಹೆಚ್ಚಾದದ್ದು ರಿಟರ್ನ್ ಪೈಪಿನ ಮೂಲಕ ಟ್ಯಾಂಕಿಗೆ ಮರಳುತ್ತದೆ. ಈ ದೀರ್ಘ ದಾರಿಯ ಕಟ್ಟಕಡೆಯ ನಿಲ್ದಾಣವಷ್ಟೇ ಕಾರ್ಬುರೇಟರ್.

ಹೀಗಾಗಿ ಪರೀಕ್ಷೆ ಆರಂಭವಾಗಬೇಕಾದದ್ದು ಹಿಂದಿನಿಂದ. ಹೊರಟಾಗ ಚೆನ್ನಾಗಿದ್ದು, ಹೈವೇಯಲ್ಲಿ ಕೆಲವು ಕಿಲೋಮೀಟರ್ ಹೋದ ಮೇಲೆ ಶಕ್ತಿ ಕುಂದಿ ನಿಂತುಹೋಗುವ, ಸ್ವಲ್ಪ ಹೊತ್ತು ಬಿಟ್ಟರೆ ತಾನಾಗಿಯೇ ಸ್ಟಾರ್ಟ್ ಆಗುವ ಕಾರಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ಟ್ಯಾಂಕಿಗೆ ಗಾಳಿ ಬರುವ ದಾರಿಯನ್ನು. ಪೆಟ್ರೋಲ್ ಖಾಲಿಯಾದಷ್ಟೂ ಆ ಜಾಗಕ್ಕೆ ಗಾಳಿ ಬರಬೇಕು. ಬರದಿದ್ದರೆ ಒಳಗೆ ನಿರ್ವಾತ ಉಂಟಾಗಿ ಪಂಪು ಎಳೆಯಲಾರದೆ ಸೋಲುತ್ತದೆ. ಗಾಡಿ ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತಿರುಗಿಸಿದಾಗ ಗಾಳಿ ಸುಯ್ಯೆಂದು ಒಳಗೆ ನುಗ್ಗುವ ಸದ್ದು ಕೇಳಿಸಿದರೆ ಮತ್ತು ಆ ಬಳಿಕ ಕಾರು ಸಲೀಸಾಗಿ ಹೊರಟರೆ, ರೋಗ ಸಿಕ್ಕಿತು; ಒಂದು ರೂಪಾಯಿಯೂ ಖರ್ಚಿಲ್ಲದೆ ಮಾಡಬಹುದಾದ ಪರೀಕ್ಷೆ ಇದು.

ಎರಡನೆಯದು ಫಿಲ್ಟರ್ ಮತ್ತು ಪೈಪುಗಳು. ಫಿಲ್ಟರಿನ ಬೆಲೆ ತೀರಾ ಕಡಿಮೆಯಾದ್ದರಿಂದ ಅದನ್ನು ಶುಚಿಮಾಡುತ್ತ ಕೂರುವುದು ವ್ಯರ್ಥ, ಬದಲಿಸುವುದೇ ಸರಿ. ಆದರೆ ತೆಗೆದ ಹಳೆಯ ಫಿಲ್ಟರನ್ನು ಎಸೆಯುವ ಮುನ್ನ ಅದರೊಳಗಿನ ಪೆಟ್ರೋಲನ್ನು ಪೆಟ್ರೋಲ್ ಬರುತ್ತಿದ್ದ ಬದಿಯಿಂದಲೇ ಒಂದು ಬಿಳಿ ಬಟ್ಟೆಯ ಮೇಲೆ ಸುರಿದು ನೋಡಬೇಕು. ಕಂದು ಬಣ್ಣದ ಪುಡಿ ಬಿದ್ದರೆ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿದಿದೆ ಎಂದೂ, ಕಪ್ಪು ಚೂರುಗಳು ಬಿದ್ದರೆ ಯಾವುದೋ ರಬ್ಬರ್ ಪೈಪು ಒಳಗೊಳಗೇ ಸವೆಯುತ್ತಿದೆ ಎಂದೂ ತಿಳಿಯಬಹುದು. ಪೈಪಿನ ಈ ಎರಡನೆಯ ತೊಂದರೆ ಬಹಳ ಮೋಸದ್ದು. ಹೊರಗೆ ಗಟ್ಟಿಮುಟ್ಟಾಗಿ ಕಾಣುವ ಪೈಪಿನ ಒಳಪದರ ಸುಲಿದು ನಾಲಿಗೆಯಂತೆ ಜೋತುಬಿದ್ದಿರುತ್ತದೆ. ನಿಧಾನವಾಗಿ ಹೋಗುವಾಗ ಬೇಕಾದಷ್ಟು ಪೆಟ್ರೋಲನ್ನು ಬಿಡುವ ಅದು, ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಎಳೆತಕ್ಕೆ ಸಿಕ್ಕಿ ದಾರಿಯನ್ನು ಮುಚ್ಚಿಬಿಡುತ್ತದೆ. ಇಂಥ ಕಾರಿಗೆ ಎಷ್ಟು ಕಿಟ್ ಹಾಕಿದರೂ ಏರು ಹತ್ತುವುದಿಲ್ಲ.

ಆಮೇಲೆ ಪಂಪು. ಇಗ್ನಿಷನ್ ಕಾಯಿಲಿನ ತಂತಿ ಕಳಚಿ, ಕಾರ್ಬುರೇಟರಿಗೆ ಬರುವ ಪೈಪನ್ನು ತೆಗೆದು ಅದರ ತುದಿಯನ್ನು ಒಂದು ಪಾರದರ್ಶಕ ಬಾಟಲಿಗೆ ಬಿಟ್ಟು, ಇನ್ನೊಬ್ಬರಿಂದ ಸ್ಟಾರ್ಟರ್ ಆಡಿಸಬೇಕು. ಎಂಜಿನ್ ತಣ್ಣಗಿರುವಾಗ, ಬಯಲಿನಲ್ಲಿ, ಹತ್ತಿರ ಬೆಂಕಿಯ ಸುಳಿವಿಲ್ಲದ ಕಡೆ ಮಾಡಬೇಕಾದ ಕೆಲಸವಿದು ಎಂದು ಬೇರೆ ಹೇಳಬೇಕಾಗಿಲ್ಲ. ಪೆಟ್ರೋಲ್ ಒಂದೇ ಲಯದಲ್ಲಿ, ಗಟ್ಟಿಯಾಗಿ ಚಿಮ್ಮಿ ಬಂದರೆ ಪಂಪಿನವರೆಗೆ ಎಲ್ಲವೂ ಸರಿಯಾಗಿದೆ. ತೊಟ್ಟಿಕ್ಕುವಂತೆ ಬಂದರೆ ಅಥವಾ ಗುಳ್ಳೆಗಳೇ ಹೆಚ್ಚಾಗಿದ್ದರೆ, ಪಂಪಿನ ಒಳಬಾಯಿಗೆ ಹೊಸ ಪೈಪೊಂದನ್ನು ಸಿಕ್ಕಿಸಿ ಬೇರೊಂದು ಡಬ್ಬಿಯ ಪೆಟ್ರೋಲಿನಿಂದ ನೇರವಾಗಿ ಎಳೆಸಿ ನೋಡಬೇಕು. ಈಗ ಚೆನ್ನಾಗಿ ಬಂದರೆ ದೋಷ ಹಿಂದಿನ ದಾರಿಯಲ್ಲಿದೆ, ಆಗಲೂ ಬಾರದಿದ್ದರೆ ಪಂಪಿನಲ್ಲಿದೆ. ಜೊತೆಗೆ ಎಂಜಿನ್ ಆಯಿಲಿನ ಡಿಪ್‌ಸ್ಟಿಕ್ ಎಳೆದು ಮೂಸುವುದು ಒಳ್ಳೆಯದು. ಪೆಟ್ರೋಲ್ ವಾಸನೆ ಬಂದು, ಆಯಿಲ್ ಮಟ್ಟವೂ ಏರಿದ್ದರೆ ಪಂಪಿನೊಳಗಿನ ತೆಳು ಪರದೆ (ಡಯಾಫ್ರಮ್) ಹರಿದಿರುವ ಸಾಧ್ಯತೆ ಇದೆ, ಆಗ ಪಂಪಿನ ಜೊತೆ ಆಯಿಲನ್ನೂ ಬದಲಿಸದೆ ಗಾಡಿ ಓಡಿಸಬಾರದು.

ಶಿರಾಡಿ, ಚಾರ್ಮಾಡಿಯಂಥ ಘಾಟಿಗಳಲ್ಲಿ ಬೇಸಿಗೆಯ ಮಧ್ಯಾಹ್ನ ನಿಂತುಹೋಗುವ ಹಳೆಯ ಕಾರುಗಳ ಬಗ್ಗೆ ಮೆಕ್ಯಾನಿಕ್‌ಗಳು ‘ಏರ್ ಲಾಕ್’ ಎನ್ನುವುದುಂಟು. ನಿಜವಾಗಿ ನಡೆಯುವುದು ಎಂಜಿನ್ನಿನ ಶಾಖಕ್ಕೆ ಪೈಪಿನಲ್ಲಿ ಅಥವಾ ಪಂಪಿನಲ್ಲಿ ಪೆಟ್ರೋಲ್ ಆವಿಯಾಗಿ, ದ್ರವವನ್ನು ತಳ್ಳಲು ಮಾಡಿದ ಪಂಪು ಆವಿಯನ್ನು ತಳ್ಳಲಾರದೆ ಹೋಗುವುದು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದರೆ ಗಾಡಿ ಹೊರಡುವುದು ಇದಕ್ಕಾಗಿಯೇ. ಮಾರುತಿ 800ರಲ್ಲಿ ಬಿಸಿಯಾದ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಪೈಪು ಇರುವುದರಿಂದ ಈ ತೊಂದರೆ ಕಡಿಮೆಯಿರಬೇಕು. ಆದರೆ ಪಂಪು ಬದಲಿಸುವಾಗ ಆ ಮೂರನೆಯ ಬಾಯಿಗೆ ಬಿರಡೆ ಹಾಕಿ, ರಿಟರ್ನ್ ಪೈಪನ್ನು ಮಡಚಿ ಕಟ್ಟಿದ ಕಾರುಗಳನ್ನು ನೋಡಿದ್ದೇನೆ. ಇಷ್ಟು ಸಣ್ಣ ಸೋಮಾರಿತನಕ್ಕೆ ಕಾರಿನ ಮಾಲೀಕರು ವರ್ಷಗಟ್ಟಲೆ ಘಾಟಿಯಲ್ಲಿ ದಂಡ ತೆರುತ್ತಾರೆ.

ಇಷ್ಟೆಲ್ಲ ಸರಿಯಿದ್ದ ಮೇಲೆ ಕಾರ್ಬುರೇಟರಿನ ಸರದಿ. ಅಲ್ಲಿಯೂ ಬಿಚ್ಚುವ ಮೊದಲು ನೋಡಬೇಕಾದ ಎರಡು ಸಂಗತಿಗಳಿವೆ. ಕಾರ್ಬುರೇಟರಿನೊಳಗೆ ಪೆಟ್ರೋಲ್ ನಿಲ್ಲುವ ಪುಟ್ಟ ತೊಟ್ಟಿಯಾದ ಫ್ಲೋಟ್ ಚೇಂಬರಿನ ಬದಿಯಲ್ಲಿ ಒಂದು ಪುಟ್ಟ ಗಾಜಿನ ಕಿಂಡಿ ಇರುತ್ತದೆ. ಎಂಜಿನ್ ಓಡುತ್ತಿರುವಾಗ ಪೆಟ್ರೋಲಿನ ಮಟ್ಟ ಅದರ ನಡುವಿನ ಗುರುತಿನ ಬಳಿ ಇರಬೇಕು. ಮೇಲಿದ್ದರೆ ನೀಡಲ್ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ ಅಥವಾ ಅದನ್ನು ಆಡಿಸುವ ತೇಲುಗುಂಡಿನ (ಫ್ಲೋಟಿನ) ಹೊಂದಾಣಿಕೆ ತಪ್ಪಿದೆ ಎಂದು ಅರ್ಥ. ಪ್ಲಗ್ಗುಗಳು ಮಸಿ ಹಿಡಿದಂತೆ ಕಪ್ಪಾಗಿರುವುದು ಇದಕ್ಕೆ ಸಾಕ್ಷಿ ಹೇಳುತ್ತದೆ. ಕೆಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಪ್ಲಗ್ಗುಗಳು ಬೆಳ್ಳಗೆ ಸುಟ್ಟಂತೆ ಕಾಣುತ್ತವೆ. ಎರಡನೆಯ ಸಂಗತಿ ಫ್ಯುಯೆಲ್ ಕಟ್ ಸೊಲೆನಾಯ್ಡ್, ಅಂದರೆ ಪೆಟ್ರೋಲಿನ ದಾರಿಯನ್ನು ವಿದ್ಯುತ್ತಿನಿಂದ ತೆರೆದು ಮುಚ್ಚುವ ಭಾಗ. ಕೀ ತಿರುಗಿಸಿದಾಗ ಕಾರ್ಬುರೇಟರಿನಿಂದ ‘ಟಿಕ್’ ಎಂಬ ಸದ್ದು ಬರಬೇಕು. ಬಾರದಿದ್ದರೆ ಐಡ್ಲಿಂಗಿಗೆ ಬೇಕಾದ ಪೆಟ್ರೋಲಿನ ದಾರಿ ತೆರೆಯುವುದೇ ಇಲ್ಲ, ಆಕ್ಸಿಲರೇಟರ್ ಒತ್ತಿ ಹಿಡಿದರೆ ಮಾತ್ರ ಎಂಜಿನ್ ಉಳಿಯುತ್ತದೆ, ಕಾಲು ತೆಗೆದ ಕೂಡಲೇ ಆರಿಹೋಗುತ್ತದೆ. ಈ ಸೊಲೆನಾಯ್ಡ್ ನಾನು ತಂದ ಕಿಟ್ಟಿನಲ್ಲಿ ಇರಲಿಲ್ಲ; ತೊಂದರೆಯೂ ಅನೇಕ ಸಲ ಅದರದ್ದಲ್ಲ, ಅದಕ್ಕೆ ಹೋಗುವ ತಂತಿಯ ಸಡಿಲ ಕನೆಕ್ಟರಿನದು.

ಈಗ ಕಿಟ್ಟಿನ ಒಳಗಿನ ವಸ್ತುಗಳಿಗೆ ಬರೋಣ. ಇದರಲ್ಲಿ ಅತ್ಯುತ್ತಮವಾದದ್ದು ನೀಡಲ್ ವಾಲ್ವ್. ತುದಿ ನುಣುಪಾಗಿದೆ, ತಾನು ಕೂರುವ ಸೀಟಿನೊಳಗೆ ತಡೆಯಿಲ್ಲದೆ ಆಡುತ್ತದೆ, ಹಾಕಿದ ಮೇಲೆ ಕಿಂಡಿಯಲ್ಲಿ ಮಟ್ಟ ಗುರುತಿಗೆ ಬಂದು ನಿಂತಿತು. ಓವರ್‌ಫ್ಲೋ ಆಗಿ ಎಂಜಿನ್ನಿಗೆ ಮಿಶ್ರಣ ಒಯ್ಯುವ ಮ್ಯಾನಿಫೋಲ್ಡಿಗೆ ಪೆಟ್ರೋಲ್ ಸೋರುತ್ತಿದ್ದದ್ದು ನಿಂತಿತು. ಹಳೆಯ ನೀಡಲಿನ ತುದಿಯಲ್ಲಿ ಬರಿಗಣ್ಣಿಗೆ ಕಾಣುವಂತೆ ಒಂದು ಸುತ್ತು ಸವೆತವಿತ್ತು. ಸೀಟನ್ನು ಬಿಟ್ಟು ನೀಡಲನ್ನು ಮಾತ್ರ ಬದಲಿಸುವ ಅಭ್ಯಾಸ ಕೆಲವರಿಗಿದೆ. ಜೋಡಿಯಾಗಿ ಸವೆದದ್ದನ್ನು ಜೋಡಿಯಾಗಿಯೇ ಬದಲಿಸಬೇಕು.

ಮೇಲ್ಮುಚ್ಚಳದ ಪ್ಯಾಕಿಂಗಿನ ಕಾಗದ ಚೆನ್ನಾಗಿದೆ, ಆದರೆ ತೂತುಗಳನ್ನು ಅಚ್ಚುಕಟ್ಟಾಗಿ ಹೊಡೆದಿಲ್ಲ. ನನಗೆ ಸಿಕ್ಕಿದ್ದರಲ್ಲಿ ಗಾಳಿಯ ದಾರಿಯೊಂದರ ತೂತು ಅರ್ಧ ಮುಚ್ಚಿಕೊಂಡಿತ್ತು, ಹರಿತವಾದ ಬ್ಲೇಡಿನಿಂದ ಬಿಡಿಸಿಕೊಳ್ಳಬೇಕಾಯಿತು. ಗಮನಿಸದೆ ಹಾಗೆಯೇ ಹಾಕಿದ್ದರೆ ಒಂದು ದೋಷವನ್ನು ತೆಗೆದು ಇನ್ನೊಂದನ್ನು ಒಳಗಿಟ್ಟಂತಾಗುತ್ತಿತ್ತು. ಮೆಕ್ಯಾನಿಕ್‌ಗೆ ಕೆಲಸ ಒಪ್ಪಿಸುವವರು ಹಳೆಯ ಪ್ಯಾಕಿಂಗನ್ನು ಹೊಸದರ ಮೇಲಿಟ್ಟು ತೂತಿಗೆ ತೂತು ಹೊಂದಿಸಿ ನೋಡುವಂತೆ ಕೇಳಿಕೊಳ್ಳುವುದು ಲೇಸು; ಅದರಲ್ಲಿ ಬೇಸರ ಪಡುವಂಥದ್ದೇನೂ ಇಲ್ಲ.

ಆಕ್ಸಿಲರೇಟರ್ ಪಂಪಿನ ರಬ್ಬರ್ ಮತ್ತು ಓ-ರಿಂಗುಗಳೇ ಈ ಕಿಟ್ಟಿನ ದುರ್ಬಲ ಭಾಗ. ಕಾಲಿಟ್ಟ ಕೂಡಲೇ ಒಂದು ಪುಟ್ಟ ಧಾರೆಯಾಗಿ ಹೆಚ್ಚುವರಿ ಪೆಟ್ರೋಲನ್ನು ಒದಗಿಸುವುದು ಆ ಪಂಪಿನ ಕೆಲಸ. ಅದು ಸೋತರೆ ಕಾರು ಸಿಗ್ನಲಿನಿಂದ ಹೊರಡುವಾಗ ಒಮ್ಮೆ ಉಸಿರು ಹಿಡಿದು ಆಮೇಲೆ ಮುಂದೆ ಜಿಗಿಯುತ್ತದೆ. ಏರ್ ಕ್ಲೀನರ್ ತೆಗೆದು, ಎಂಜಿನ್ ನಿಲ್ಲಿಸಿ, ಆಕ್ಸಿಲರೇಟರಿಗೆ ಜೋಡಿಸಿದ ಥ್ರಾಟಲನ್ನು ಕೈಯಿಂದ ಎಳೆದಾಗ ಧಾರೆ ತಡವಿಲ್ಲದೆ ಬೀಳಬೇಕು. ಹೊಸ ರಬ್ಬರ್ ಹಾಕಿದಾಗ ಧಾರೆ ಚೆನ್ನಾಗಿಯೇ ಬಿತ್ತು, ಆದರೆ ಕೆಲವು ತಿಂಗಳ ಬಳಿಕ ತೆರೆದು ನೋಡಿದರೆ ರಬ್ಬರ್ ಊದಿಕೊಂಡು ಮೆದುವಾಗಿತ್ತು, ಓ-ರಿಂಗು ತನ್ನ ಜಾಗದಲ್ಲಿ ಕೂರದಷ್ಟು ದಪ್ಪವಾಗಿತ್ತು.

ಇದಕ್ಕೆ ಇಂದಿನ ಪೆಟ್ರೋಲೂ ಕಾರಣವಿರಬಹುದು. ಶೇಕಡಾ 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲಿನ ಬಿಡುಗಡೆ 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲಿಯೇ ನಡೆಯಿತು, ಈಗ ಬಹುತೇಕ ಬಂಕುಗಳಲ್ಲಿ ಸಿಗುವುದು ಅದೇ. ಹಳೆಯ ರಬ್ಬರುಗಳಲ್ಲಿ ಹಲವನ್ನು ಎಥನಾಲ್ ಊದಿಸುತ್ತದೆ ಅಥವಾ ಬಿರುಕು ಬಿಡಿಸುತ್ತದೆ. ಟ್ಯಾಂಕಿನ ಗೋಡೆಗೆ ವರ್ಷಗಳಿಂದ ಅಂಟಿದ ಜಿಡ್ಡನ್ನು ಸಡಿಲಿಸಿ ಫಿಲ್ಟರಿಗೆ ಕಳಿಸುತ್ತದೆ. ನೀರನ್ನು ಹೀರಿಕೊಳ್ಳುತ್ತದೆ, ನೀರು ಮಿತಿಮೀರಿದರೆ ಅದರೊಂದಿಗೆ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ, ಪಂಪು ಎಳೆಯುವ ಜಾಗದಲ್ಲಿಯೇ ನಿಲ್ಲುತ್ತದೆ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತಿರುವ ಕಾರುಗಳಿಗೆ ಈ ಕೊನೆಯ ತೊಂದರೆ ಹೆಚ್ಚು. ಇನ್ನೊಂದು ಲೆಕ್ಕವೂ ಇದೆ: ತೂಕದಲ್ಲಿ ಒಂದು ಭಾಗ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಭಾಗ ಗಾಳಿ ಬೇಕು, ಒಂದು ಭಾಗ ಎಥನಾಲಿಗೆ ಸುಮಾರು 9 ಭಾಗ ಸಾಕು. ಹೊಸ ಕಾರುಗಳ ಕಂಪ್ಯೂಟರ್ ಆಕ್ಸಿಜನ್ ಸೆನ್ಸರಿನ ಮಾತು ಕೇಳಿ ಈ ವ್ಯತ್ಯಾಸವನ್ನು ಸರಿದೂಗಿಸಿಕೊಳ್ಳುತ್ತದೆ. ಕಾರ್ಬುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಜೆಟ್ಟಿನ ತೂತಿಗೆ ಅಂಥ ಬುದ್ಧಿಯಿಲ್ಲ, ಆದ್ದರಿಂದ ಮಿಶ್ರಣದಲ್ಲಿ ಗಾಳಿಯ ಪಾಲು ಬೇಕಾದದ್ದಕ್ಕಿಂತ ತುಸು ಹೆಚ್ಚಾಗಿಯೇ ಉಳಿಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಲು ಚೋಕ್ ಹೆಚ್ಚು ಹೊತ್ತು ಬೇಕಾಗುವುದಕ್ಕೂ, ಪಿಕಪ್ ಸ್ವಲ್ಪ ಕುಗ್ಗುವುದಕ್ಕೂ ಇದು ಕಾರಣವಾಗಬಲ್ಲದು. ಅದನ್ನು ಕಿಟ್ಟಿನ ದೋಷವೆಂದು ಹೇಳಿದರೆ ಅನ್ಯಾಯ. ಮಿಕ್ಸ್‌ಚರ್ ಸ್ಕ್ರೂವನ್ನು ಸ್ವಲ್ಪ ಸಡಿಲಿಸಿದರೆ ಐಡ್ಲಿಂಗ್ ಸುಧಾರಿಸುತ್ತದೆ, ಆದರೆ ಹೊಗೆ ತಪಾಸಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಏರದಂತೆ ನೋಡಿಕೊಳ್ಳಬೇಕು.

ಕೆಲವು ದುಬಾರಿ ಕಿಟ್ಟುಗಳಲ್ಲಿ ಜೆಟ್ಟುಗಳೂ ಇರುತ್ತವೆ. ಹಳೆಯ ಜೆಟ್ಟು ಕಟ್ಟಿಕೊಂಡಿದ್ದರೆ ಕ್ಲೀನರ್ ಸ್ಪ್ರೇ ಮತ್ತು ಕಂಪ್ರೆಸರಿನ ಗಾಳಿಯಿಂದ ಅದು ಬಿಡುತ್ತದೆ, ತಂತಿ ಹಾಕಿ ತಿವಿಯಬಾರದು. ಹಾಗಿರುವಾಗ, ಹಳೆಯದರ ಮೇಲೆ ಕೆತ್ತಿದ ಸಂಖ್ಯೆಗೆ ಹೊಂದದ ಹೊಸ ಜೆಟ್ಟನ್ನು ಹಾಕುವುದಕ್ಕಿಂತ ಹಳೆಯದನ್ನೇ ಶುಚಿಮಾಡಿ ಉಳಿಸಿಕೊಳ್ಳುವುದು ಜಾಣತನ. ಹೊಸ ಕಾರ್ಬುರೇಟರನ್ನೇ ತಂದುಬಿಡಿ ಎಂಬ ಸಲಹೆಯೂ ಅಂಗಡಿಯಲ್ಲಿ ಸಿಗುತ್ತದೆ. ಥ್ರಾಟಲ್ ಶಾಫ್ಟ್ ಅಲುಗಾಡುವಷ್ಟು ಸವೆದು ಅಲ್ಲಿಂದ ಗಾಳಿ ಎಳೆಯುತ್ತಿದ್ದರೆ ಮಾತ್ರ ಅದು ಸರಿ, ಇಲ್ಲವಾದರೆ ಮೂಗಿಗಿಂತ ಮೂಗುತಿ ಭಾರ.

ಕೊಳ್ಳುವವರು ಅಂಗಡಿಯಲ್ಲಿಯೇ ಕವರನ್ನು ತೆರೆಸಿ ನೋಡಲಿ. ಈ ಕಾರಿಗೆ ವರ್ಷದಿಂದ ವರ್ಷಕ್ಕೆ ಕಾರ್ಬುರೇಟರಿನ ಸಣ್ಣಪುಟ್ಟ ವಿವರಗಳು ಬದಲಾಗಿರುವುದರಿಂದ ಹಳೆಯ ಪ್ಯಾಕಿಂಗನ್ನೋ ಕನಿಷ್ಠ ಅದರ ಫೋಟೋವನ್ನೋ ಜೊತೆಗೆ ಒಯ್ಯಬೇಕು. ರಬ್ಬರ್ ಭಾಗಗಳು ಬೇರೆಯಾಗಿ ಸಿಗುವುದಾದರೆ ಎಥನಾಲ್ ತಾಳುವ ವೈಟಾನ್ ಎಂಬ ರಬ್ಬರಿನಲ್ಲಿ ಮಾಡಿದವನ್ನು ಕೇಳಬೇಕು, ಪೈಪನ್ನು ಕೊಳ್ಳುವಾಗ ಎಸ್‌ಎಇ ಜೆ30 ಆರ್9 (SAE J30 R9) ಎಂಬ ಗುರುತಿರುವುದನ್ನೇ ಆರಿಸಿಕೊಳ್ಳಬೇಕು. ಬೆಲೆ ಮಾಮೂಲಿ ಪೈಪಿನದಕ್ಕಿಂತ ಹೆಚ್ಚು, ಆದರೆ ಒಂದು ಮೀಟರಿನಷ್ಟು ತಂದರೆ ಬಾನೆಟ್ಟಿನ ಒಳಗಿನ ತುಂಡುಗಳಿಗೆಲ್ಲ ಸಾಕಾಗುತ್ತದೆ. ಕ್ಲಿಪ್ಪುಗಳನ್ನೂ ಹೊಸದಾಗಿಯೇ ಹಾಕಿಸಿ.