ಹಿಂಗಾರಿ ಜೋಳಕ್ಕೆ ಯಾವ ಬೀಜ? ಅಂಗಡಿ ಪಾಕೀಟು, ಸಂಪರ್ಕ ಕೇಂದ್ರದ ಚೀಲ, ಅಕ್ಕಂದಿರ ಬೀಜ ಬ್ಯಾಂಕು

ಹಸ್ತ ಮಳೆ ಹತ್ತಿರ ಬಂದರೆ ಸಾಕು, ಜೋಳಕ್ಕೆ ಬೀಜ ಎಲ್ಲಿಂದ ತಂದ್ರಿ ಅನ್ನೋ ಮಾತು ಶುರುವಾಗುತ್ತದೆ. ನನ್ನನ್ನೂ ಬಹಳ ಜನ ಕೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮದು ವಿಜಯಪುರ ಜಿಲ್ಲೆಯ ಡೋಣಿ ಹೊಳೆಯ ಸೀಮೆ. ಯರಿ ಹೊಲ, ಅಂದರೆ ಕಪ್ಪು ಮಣ್ಣು, ನೀರಾವರಿ ಇಲ್ಲ, ಭೂಮಿಯೊಳಗಿನ ಹಸಿಯೇ ಗತಿ. ಮೂರು ಕಡೆಯ ಬೀಜವನ್ನು ಒಂದೇ ಹೊಲದಲ್ಲಿ ಪಕ್ಕಪಕ್ಕ ಪಟ್ಟಿ ಹಾಕಿ ಬೆಳೆದಿದ್ದೇನೆ. ಮಳೆ ಚೆನ್ನಾಗಿ ಆದ ವರ್ಷವೂ ನೋಡಿದ್ದೇನೆ, ಕೈಕೊಟ್ಟ ವರ್ಷವೂ ನೋಡಿದ್ದೇನೆ. ಮಸಾರಿ (ಕೆಂಪು ಮಣ್ಣಿನ) ಭೂಮಿಯವರು, ಕಾಲುವೆ ನೀರು ಇರುವವರು ನನ್ನ ಮಾತನ್ನು ಹಾಗೇ ತೆಗೆದುಕೊಳ್ಳಬೇಡಿ, ನಿಮ್ಮ ಲೆಕ್ಕವೇ ಬೇರೆ.

ಒಂದನೆಯದು ಖಾಸಗಿ ಅಂಗಡಿಯ ಹೈಬ್ರಿಡ್ ಪಾಕೀಟು. ಎರಡನೆಯದು ಕೃಷಿ ಇಲಾಖೆಯ ರೈತ ಸಂಪರ್ಕ ಕೇಂದ್ರದಲ್ಲಿ ರಿಯಾಯಿತಿಗೆ ಸಿಕ್ಕ ಬಿಜೆವಿ-44. ಇದು ನಮ್ಮದೇ ಹಿಟ್ಟಿನಹಳ್ಳಿಯ ಸಂಶೋಧನಾ ಕೇಂದ್ರದಿಂದ ಬಂದ ತಳಿ, ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದು. ಮೂರನೆಯದು ಪಕ್ಕದ ಊರಿನ ಮಹಿಳಾ ಸಂಘದವರು ನಡೆಸುವ ಬೀಜ ಬ್ಯಾಂಕಿನ ನಾಟಿ ಮಾಲದಂಡಿ, ಅಂದರೆ ರೈತರು ಮನೆಯಲ್ಲೇ ಬೀಜ ಇಟ್ಟುಕೊಂಡು ಬಂದ ನಮ್ಮ ಊರ ಕಡೆಯ ಜೋಳ.

ಹೈಬ್ರಿಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊಳಕೆ ಸಮನಾಗಿ ಬಂತು, ಮೊದಲ ಇಪ್ಪತ್ತು ದಿನ ನೋಡಲು ಚೆಂದ. ಆಮೇಲೆ ಸುಳಿ ನೊಣ ಬಿತ್ತು. ನಡುಸುಳಿ ಒಣಗಿ ನಿಂತಿತ್ತು, ಹಿಡಿದು ಎಳೆದರೆ ಸುಲಭವಾಗಿ ಕಿತ್ತು ಬರುತ್ತಿತ್ತು, ಬುಡ ಕೊಳೆತ ವಾಸನೆ. ಪಕ್ಕದ ಎರಡು ಪಟ್ಟಿಗಳಿಗೂ ಬಿದ್ದಿತ್ತು, ಆದರೆ ಇಷ್ಟಲ್ಲ. ಮಳೆ ಆದ ವರ್ಷ ಕಾಳು ಚೆನ್ನಾಗೇ ಬಂತು ಅನ್ನೋದು ನಿಜ. ಆದರೆ ರೊಟ್ಟಿ ಬಡಿಯಲು ಕೂತ ಮನೆಯವರು ಎರಡನೇ ದಿನಕ್ಕೇ ಈ ಹಿಟ್ಟು ಬೇಡ ಅಂದರು. ಜಿಗಿ ಇಲ್ಲ, ಅಂಚು ಸೀಳುತ್ತದೆ. ಮೇಲಾಗಿ ಅದರ ಕಾಳನ್ನೇ ಮರುವರ್ಷ ಬೀಜಕ್ಕೆ ಇಡೋಕೆ ಆಗಲ್ಲ, ಒಂದು ಗಿಡ ಎತ್ತರ ಒಂದು ಗಿಡ ಗಿಡ್ಡ ಆಗಿ ತಳಿ ಒಡೆದು ಹೋಗುತ್ತದೆ. ದೇಶದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1 ಬಂದದ್ದು 1964ರಲ್ಲಿ. ಅಷ್ಟು ವರ್ಷವಾದರೂ ಹಿಂಗಾರಿಯಲ್ಲಿ ನಮ್ಮ ಜನ ಮಾಲದಂಡಿ ಬಿಟ್ಟಿಲ್ಲ ಅಂದರೆ ಅದಕ್ಕೆ ಕಾರಣ ರೊಟ್ಟಿ ಮತ್ತು ಕಣಕಿ (ದನಕ್ಕೆ ಹಾಕುವ ಒಣ ದಂಟಿನ ಮೇವು), ಅಲ್ವಾ?

ನಿಜವಾದ ಪೈಪೋಟಿ ಇರುವುದು ಉಳಿದ ಎರಡರ ನಡುವೆ.

ಮೊಳಕೆಯಿಂದ ಶುರು ಮಾಡೋಣ. ಸಂಪರ್ಕ ಕೇಂದ್ರದ ಚೀಲಕ್ಕೆ ನೀಲಿ ಚೀಟಿ ಇರುತ್ತದೆ, ಅಂದರೆ ಪ್ರಮಾಣಿತ ಬೀಜ. ಜೋಳಕ್ಕೆ ಕನಿಷ್ಠ 75 ಶೇಕಡಾ ಮೊಳಕೆ ಬರಲೇಬೇಕು ಅನ್ನೋ ನಿಯಮ ಅದರ ಹಿಂದಿದೆ. ಬ್ಯಾಂಕಿನ ಬೀಜಕ್ಕೆ ಅಂಥ ಚೀಟಿ ಇಲ್ಲ. ಅದಕ್ಕೆ ಅವರು ಮಾಡುವುದು ಇಷ್ಟೇ: ಪ್ರತಿ ಮನೆಯಿಂದ ಬಂದ ಬೀಜದಲ್ಲಿ ನೂರು ಕಾಳು ಎಣಿಸಿ, ಒದ್ದೆ ಗೋಣಿಚೀಲದ ಮೇಲೆ ಸಾಲಾಗಿ ಇಟ್ಟು, ಸುತ್ತಿ ನೆರಳಲ್ಲಿಡುತ್ತಾರೆ. ನಾಲ್ಕೈದು ದಿನಕ್ಕೆ ಬಿಚ್ಚಿ ಎಣಿಸುತ್ತಾರೆ. ನಾನು ಹೋದಾಗ ಒಂದು ಮಡಿಕೆಯ ಬೀಜ ಸರಿಯಾಗಿ ಮೊಳೆತಿರಲಿಲ್ಲ. ಅಲ್ಲಿನ ಹಿರಿಯ ಅಕ್ಕ ಅದನ್ನು ಪಕ್ಕಕ್ಕೆ ಸರಿಸಿ, "ಇದು ಬ್ಯಾಡ ತಮ್ಮಾ, ಇದನ್ನ ಹಿಟ್ಟಿಗೆ ಬೀಸಾಕ ಕಳಸ್ತೀವಿ" ಅಂದರು. ಕೊಟ್ಟದ್ದು ಬೇರೆ ಮಡಿಕೆಯ ಬೀಜ, ಮೇಲೆ ಬೂದಿ, ನಡುವೆ ಬೇವಿನ ಎಲೆ. ಹೊಲದಲ್ಲಿ ಚೀಲದ ಬೀಜವೇ ಹೆಚ್ಚು ಸಮನಾಗಿ ಎದ್ದಿತು, ಅದನ್ನು ಒಪ್ಪಲೇಬೇಕು. ನಾಟಿಯಲ್ಲಿ ಅಲ್ಲಲ್ಲಿ ತೆರಪು ಬಿತ್ತು. ಎಕರೆಗೆ ಮೂರು ಕೆಜಿ ಅಂತ ಎಲ್ಲರೂ ಹೇಳುತ್ತಾರೆ. ನಾಟಿಗೆ ಒಂದು ಹಿಡಿ ಜಾಸ್ತಿಯೇ ಬಿತ್ತುವ ಕೂರಿಗೆಯ ಬಟ್ಟಲಿಗೆ ಹಾಕಿ.

ಮಳೆ ಚೆನ್ನಾಗಿ ಆದ ವರ್ಷ ರಾಶಿ ಮಾಡಿದಾಗ ಬಿಜೆವಿ-44 ಮುಂದೆ. ಕಣ್ಣಿಗೇ ಕಾಣುವಷ್ಟು. ಕಾಳು ಮಾರಿ ಸಾಲ ತೀರಿಸಬೇಕಾದವರಿಗೆ ನಾನು ಅದನ್ನೇ ಹೇಳುತ್ತೇನೆ, ಅದರಲ್ಲಿ ಸಂಕೋಚ ಇಲ್ಲ.

ಮಳೆ ಕೈಕೊಟ್ಟ ವರ್ಷದ ಕಥೆ ಬೇರೆ. ಕಾಳು ಹಾಲು ತುಂಬುವ ಹೊತ್ತಿಗೆ ಯರಿ ಭೂಮಿ ಬಿರುಕು ಬಿಟ್ಟಿತ್ತು. ಆಗ ಜೋಳಕ್ಕೆ ಬರುವುದು ಕಾಂಡ ಕೊಳೆ ರೋಗ. ಹೈಬ್ರಿಡ್ ಪಟ್ಟಿಯಲ್ಲಿ ಬಿದ್ದ ದಂಟೊಂದನ್ನು ಕುಡಗೋಲಿನಿಂದ ಉದ್ದಕ್ಕೆ ಸೀಳಿದೆ. ಒಳಗೆ ತಿರುಳೇ ಇಲ್ಲ, ಬರೀ ನಾರು, ನಾರಿನ ಮೇಲೆ ಇದ್ದಿಲು ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆ. ಪಕ್ಕದ ನಾಟಿ ಮಾಲದಂಡಿಯ ದಂಟು ಸೀಳಿದರೆ ಇನ್ನೂ ಹಸಿ ಇತ್ತು. ಬಿಜೆವಿ-44 ಇವೆರಡರ ನಡುವೆ, ನಾಟಿಗೆ ಹತ್ತಿರ. ಆ ವರ್ಷ ಕಾಳಿನಲ್ಲಿ ನಾಟಿಗೂ ಬಿಜೆವಿ-44ಕ್ಕೂ ಅಂಥ ಫರಕು ಕಾಣಲಿಲ್ಲ. ಕಣಕಿಯಲ್ಲಿ ಮಾತ್ರ ನಾಟಿ ಗೆದ್ದಿತು. ಎತ್ತರದ ದಂಟು, ಸಿಹಿ, ದನ ಬುಡದವರೆಗೂ ತಿಂದು ಮುಗಿಸುತ್ತವೆ. ಬರಗಾಲದಲ್ಲಿ ಮೇವಿನ ಬಣವಿ ಇದ್ದವನೇ ಸಾಹುಕಾರ, ಎತ್ತು ಎಮ್ಮೆ ಇಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ರೊಟ್ಟಿಗೂ ನಾಟಿಯೇ. ಬಿಜೆವಿ-44 ಹಿಟ್ಟು ಕೆಟ್ಟದ್ದೇನಲ್ಲ, ಬಿಸಿ ರೊಟ್ಟಿಯಲ್ಲಿ ಫರಕು ಗೊತ್ತಾಗುವುದು ಕಷ್ಟ. ಮುಂಜಾನೆ ಬಡಿದದ್ದನ್ನು ಬುತ್ತಿ ಕಟ್ಟಿಕೊಂಡು ಹೋಗಿ ಮಧ್ಯಾಹ್ನ ಹೊಲದಲ್ಲಿ ಬಿಚ್ಚಿದಾಗ ಗೊತ್ತಾಗುತ್ತದೆ.

ಈಗ ಬ್ಯಾಂಕಿನ ವ್ಯವಹಾರದ ಬಗ್ಗೆ. ದುಡ್ಡಿಲ್ಲ, ಒಂದಕ್ಕೆ ಎರಡು. ಮೂರು ಕೆಜಿ ತಂದರೆ ರಾಶಿ ಆದ ಮೇಲೆ ಆರು ಕೆಜಿ ವಾಪಸ್. ಯಾರು, ಯಾವ ಹೊಲಕ್ಕೆ, ಯಾವ ಬೀಜ ಅಂತ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಒಂದೇ ಬೀಜವನ್ನು ಬೇರೆ ಬೇರೆ ಊರಿನ ಮನೆಗಳಿಗೆ ಹಂಚಿಯೇ ಕೊಡುತ್ತಾರೆ, ಒಂದು ಕಡೆ ಬೆಳೆ ಹೋದರೂ ಇನ್ನೊಂದು ಕಡೆ ಬೀಜ ಉಳಿಯಲಿ ಅಂತ. ಆದರೆ ವಾಪಸ್ ತರುವ ಬೀಜ ರಾಶಿಯಿಂದ ಮೊಗೆದದ್ದು ಆಗಿರಬಾರದು. ಬೆಳೆ ನಿಂತಿರುವಾಗಲೇ ಹೊಲದ ನಡುವೆ ಹೋಗಿ ತೆನೆ ಆರಿಸಿ ದಾರ ಕಟ್ಟಬೇಕು. ಕಾಳು ಬಲಿತರೂ ದಂಟು ಹಸಿರಾಗೇ ಇರುವ ಗಿಡ, ಹೊರಗೆ ಪೂರ್ತಿ ಬಂದ ತೆನೆ, ಮುತ್ತಿನ ಹೊಳಪಿನ ದುಂಡು ಕಾಳು. ಬದುವಿನ ಪಕ್ಕದ ತೆನೆ ಬೇಡ, ಯಾಕೆಂದರೆ ಜೋಳ ಬಹುತೇಕ ತನ್ನ ಪರಾಗದಿಂದಲೇ ಕಾಳು ಕಟ್ಟಿದರೂ ಪಕ್ಕದ ಹೊಲದ ಪರಾಗ ಸ್ವಲ್ಪ ಸೇರಿಯೇ ಸೇರುತ್ತದೆ. ಈ ಕೆಲಸ ತಪ್ಪಿದರೆ ನಾಲ್ಕು ವರ್ಷದಲ್ಲಿ ನಾಟಿ ಅನ್ನೋದು ಬರೀ ಹೆಸರಿಗೆ ಉಳಿಯುತ್ತದೆ. ಇಂಥ ಬ್ಯಾಂಕುಗಳ ದೊಡ್ಡ ತೊಂದರೆ ಇದೇ. ಒಯ್ಯುವವರು ಬಹಳ, ತೆನೆ ಆರಿಸಿ ತಂದುಕೊಡುವವರು ಕಡಿಮೆ, ಮಳೆ ಹೋದ ವರ್ಷವಂತೂ ಮಡಿಕೆಗಳು ಅರ್ಧ ಖಾಲಿ.

ಚೀಲದ ತಳಿ ಬಂತಲ್ಲ, ಇನ್ನು ಮಡಿಕೆ ಯಾಕೆ ಅನ್ನುವವರಿಗೆ ಒಂದು ಮಾತು. ಹಿಂಗಾರಿ ಜೋಳದ ಎಂ35-1 ತಳಿ ಎಲ್ಲರಿಗೂ ಗೊತ್ತು. ಅದು ರೈತರ ನಾಟಿ ಮಾಲದಂಡಿಯಿಂದಲೇ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಆರಿಸಿ ತೆಗೆದ ತಳಿ. ರೈತರ ಮನೆಯಲ್ಲಿ ನಾಟಿ ಇರದಿದ್ದರೆ ವಿಜ್ಞಾನಿಗಳು ಆರಿಸುತ್ತಿದ್ದದ್ದಾದರೂ ಯಾವುದರಲ್ಲಿ? ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಅನ್ನೋ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯ ತಂಪು ಕೋಣೆಯಲ್ಲಿ ಸಾವಿರಾರು ಬಗೆಯ ಜೋಳದ ಬೀಜ ಇದೆ, ಅದು ಇರಲೇಬೇಕು. ಆದರೆ ನಾಗರಪಂಚಮಿಗೆ ಅಳ್ಳು (ಜೋಳದ ಅರಳು) ಹುರಿಯಲು, ಸೀತನಿ (ಹಾಲುಗಾಳಿನ ಎಳೆ ತೆನೆ) ಸುಡಲು ಬೇಕಾದ ಜೋಳ ಅಲ್ಲಿಂದ ನಮ್ಮ ಅಡುಗೆಮನೆಗೆ ಬರುವುದಿಲ್ಲ. ಸಂಪರ್ಕ ಕೇಂದ್ರದಲ್ಲೂ ನನಗೆ ಸಿಗಲಿಲ್ಲ, ಅಂಗಡಿಯಲ್ಲಂತೂ ಕೇಳಲೇಬೇಡಿ. ನನಗೆ ಅಳ್ಳಿನ ಜೋಳ ಸಿಕ್ಕಿದ್ದು ಆ ಅಕ್ಕಂದಿರ ಹತ್ತಿರ ಮಾತ್ರ, ಒಂದು ಬೊಗಸೆ.

ಅಂಗಡಿಯವರೊಬ್ಬರು ಬ್ಯಾಂಕಿನದು ಲೈಸೆನ್ಸ್ ಇಲ್ಲದ ಬೀಜ, ಕೇಸಾಗುತ್ತೆ ಅಂತ ಹೆದರಿಸಿದ್ದರು. ಸುಮ್ನೆ ಹೆದರಬೇಡಿ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಮು ನೋಡಿ. ತಾನು ಬೆಳೆದ ಬೀಜವನ್ನು ಇಟ್ಟುಕೊಳ್ಳಲು, ಬಿತ್ತಲು, ಅದಲುಬದಲು ಮಾಡಲು, ಹಂಚಲು, ಮಾರಲು ಕೂಡ ರೈತನಿಗೆ ಹಕ್ಕಿದೆ. ಕಾಯ್ದೆಯಡಿ ನೋಂದಾಯಿಸಿ ರಕ್ಷಣೆ ಪಡೆದ ತಳಿಯನ್ನು ಬ್ರ್ಯಾಂಡ್ ಹಚ್ಚಿ ಮಾರುವಂತಿಲ್ಲ, ಅಷ್ಟೇ.

ಹಾಗಾದರೆ ನಾನು ಏನು ಬಿತ್ತುತ್ತೇನೆ? ಹೈಬ್ರಿಡ್ ಬಿಟ್ಟೆ. ಮಾರುವ ಜೋಳಕ್ಕೆ ಆಳ ಮಣ್ಣಿನ ಕಡೆ ಬಿಜೆವಿ-44. ಮನೆಗೆ ಮತ್ತು ದನಕ್ಕೆ ನಾಟಿ ಮಾಲದಂಡಿ, ಜೋಳದ ನಡುನಡುವಿನ ಅಕ್ಕಡಿ ಸಾಲಿಗೆ ಕುಸುಬೆ. ಅಳ್ಳಿನ ಜೋಳ ಹೊಲದ ಇನ್ನೊಂದು ತುದಿಗೆ, ಮಾಲದಂಡಿಯಿಂದ ದೂರ. ನೀವು ಬ್ಯಾಂಕಿನಿಂದ ತರುವುದಾದರೆ ಹಸ್ತಕ್ಕೆ ಕಾಯಬೇಡಿ, ಗಣಪತಿ ಹಬ್ಬದ ಹೊತ್ತಿಗೇ ಹೋಗಿ. ಹೋದಾಗ ಇದು ಯಾರ ಹೊಲದ ಬೀಜ, ಮೊಳಕೆ ಎಷ್ಟು ಬಂತು, ಪಕ್ಕದ ಹೊಲದಲ್ಲಿ ಏನಿತ್ತು ಅಂತ ಕೇಳಿ. ಮೂರಕ್ಕೂ ನೋಟ್‌ಬುಕ್ ತೆಗೆದು ಉತ್ತರ ಕೊಟ್ಟರೆ ಧೈರ್ಯವಾಗಿ ತನ್ನಿ. ತೆನೆ ಆರಿಸಿ ವಾಪಸ್ ಕೊಡುವ ಮನಸ್ಸಿಲ್ಲದಿದ್ದರೆ ದಯವಿಟ್ಟು ಚೀಲದ ಬೀಜವನ್ನೇ ಕೊಳ್ಳಿ, ಮಡಿಕೆಯ ಬೀಜ ಕೊಡುವವರಿಗೆ ಇರಲಿ.